ಹೊಳೆ ಹಸಿರಾದರೆ ಸಂತೋಷಪಡಬೇಡಿ

ನಮಸ್ಕಾರ. ಹಿಮಾಲಯದ ಹಿಮನದಿಗಳು ಕರಗುತ್ತಿವೆ ಎಂಬ ಸುದ್ದಿ ಬಂದಾಗಲೆಲ್ಲ ಬೆಂಗಳೂರಿನಲ್ಲಿ ಎರಡು ಮಾತು ಕಿವಿಗೆ ಬಿದ್ದೇ ಬೀಳುತ್ತವೆ. ಮೊದಲನೆಯದು, "ನಮ್ಮ ಕಾವೇರಿಗೆ ಹಿಮ ಎಲ್ಲಿಂದ ಬರಬೇಕು? ಕೊಡಗಿನಲ್ಲಿ ಮಳೆ ಹುಯ್ದರೆ ನಮಗೆ ಸಾಕು." ಎರಡನೆಯದು ಇನ್ನೂ ಜಾಣತನದ್ದು: "ಕರಗಿದರೆ ಒಳ್ಳೆಯದೇ ಅಲ್ಲವೇ? ನದಿಗಳಿಗೆ ನೀರು ಹೆಚ್ಚಾಗುತ್ತದೆ."

ಮೊದಲ ಮಾತು ಭೂಗೋಳದ ಮಟ್ಟಿಗೆ ಸರಿ. ಕಾವೇರಿ ಮಳೆಯನ್ನು ನಂಬಿದ ನದಿ, ಅದರಲ್ಲಿ ಒಂದು ಹನಿ ಹಿಮವೂ ಇಲ್ಲ. ಎರಡನೆಯ ಮಾತೂ ಕೆಲವು ದಶಕಗಳ ಮಟ್ಟಿಗೆ ಪೂರ್ತಿ ಸುಳ್ಳಲ್ಲ. ಹಿಮನದಿ ಕರಗತೊಡಗಿದಾಗ ಅದರ ಕೆಳಗಿನ ಹೊಳೆಯಲ್ಲಿ ಮೊದಲು ನೀರು ಏರುತ್ತದೆ, ಒಂದು ತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ ದೊಡ್ಡ 56 ಹಿಮನದಿ ಜಲಾನಯನಗಳ ಲೆಕ್ಕ ಹಾಕಿತು. ಅವುಗಳಲ್ಲಿ ಸುಮಾರು ಅರ್ಧದಷ್ಟು ಆ ತುದಿಯನ್ನು ಆಗಲೇ ದಾಟಿ ಇಳಿಮುಖವಾಗಿದ್ದವು. ಗಂಗೆ, ಬ್ರಹ್ಮಪುತ್ರಗಳ ಮೇಲ್ಭಾಗದ ಸರದಿ ಈ ಶತಮಾನದ ನಡುವಿನ ಹೊತ್ತಿಗೆ ಬರಲಿದೆ ಎಂಬುದು ಅಂದಾಜು. ಅಂದರೆ "ನೀರು ಹೆಚ್ಚಾಗುತ್ತದೆ" ಎನ್ನುವವರು ಇಟ್ಟ ಗಂಟನ್ನು ಒಡೆದು ಖರ್ಚು ಮಾಡುವುದನ್ನೇ ಆದಾಯವೆಂದು ಬರೆದುಕೊಳ್ಳುತ್ತಿದ್ದಾರೆ.

ಆದರೆ ನನ್ನ ತಕರಾರು ಈ ಎರಡು ಗುಂಪಿನವರ ಮೇಲಲ್ಲ. ಹಿಮನದಿಗಳ ಬಗ್ಗೆ ನಿಜವಾಗಿಯೂ ಕಳವಳಪಡುವವರ ಮೇಲೆ. ಅವರ ಮಾತನ್ನು ಗಮನವಿಟ್ಟು ಕೇಳಿ: ಇಷ್ಟು ಕೋಟಿ ಜನರ ಕುಡಿಯುವ ನೀರು, ಇಷ್ಟು ಹೆಕ್ಟೇರ್ ಗೋಧಿ, ಇಷ್ಟು ಮೆಗಾವಾಟ್ ವಿದ್ಯುತ್. ಹಿಮನದಿ ಎಂದರೆ ಬೆಟ್ಟದ ಮೇಲಿಟ್ಟ ಓವರ್‌ಹೆಡ್ ಟ್ಯಾಂಕು, ಅದು ಸೋರುತ್ತಿದೆ, ಅಷ್ಟೇ. ಆ ಟ್ಯಾಂಕಿನಿಂದ ಇಳಿಯುವ ನೀರಿನಲ್ಲಿ ಯಾರು ಬದುಕುತ್ತಿದ್ದಾರೆ ಎಂದು ಕೇಳುವವರು ಕಡಿಮೆ. ಹಾಲಿನಷ್ಟು ಬೆಳ್ಳಗಿನ, ಕೈಯಿಟ್ಟರೆ ಬೆರಳು ಮರಗಟ್ಟುವ ಆ ನೀರಿನಲ್ಲಿ ಏನು ತಾನೇ ಬದುಕೀತು ಎಂದು ನಾವು ತೀರ್ಮಾನ ಮಾಡಿಬಿಟ್ಟಿದ್ದೇವೆ.

ನೇಪಾಳದ ಲಾಂಗ್‌ಟಾಂಗ್ ಕಣಿವೆಯಲ್ಲಿ ಯಾಲಾ ಎಂಬ ಹಿಮನದಿ ಇದೆ, 5,000 ಮೀಟರಿಗಿಂತ ಎತ್ತರದಲ್ಲಿ. 1984ರಲ್ಲಿ ಜಪಾನಿನ ವಿಜ್ಞಾನಿ ಶಿರೋ ಕೊಹ್ಶಿಮಾ ಅಲ್ಲಿ ಕಂಡ ಒಂದು ಕೀಟದ ಬಗ್ಗೆ 'ನೇಚರ್' ಪತ್ರಿಕೆಯಲ್ಲಿ ಬರೆದರು. ಅದು ಡಯಮೀಸಾ ಎಂಬ ಕುಲದ ನೊರಜು, ನಮ್ಮ ಸೊಳ್ಳೆಯ ದೂರದ ನೆಂಟ. ಇದರ ರೆಕ್ಕೆ ಮೋಟಾಗಿದೆ, ಹಾರಲು ಬರುವುದಿಲ್ಲ. ಮಂಜಿನ ಮೇಲೆ, ಅದರೊಳಗಿನ ಸಣ್ಣ ಸಣ್ಣ ಪೊಳ್ಳುಗಳಲ್ಲಿ ನಡೆದಾಡುತ್ತದೆ. ಶೂನ್ಯಕ್ಕಿಂತ 16 ಡಿಗ್ರಿ ಕೆಳಗಿನ ಚಳಿಯಲ್ಲೂ ಇದರ ಓಡಾಟ ನಿಂತಿರಲಿಲ್ಲ. ಮರಿಹುಳುಗಳು ಹಿಮನದಿಯ ಕರಗಿದ ನೀರಿನ ಕಾಲುವೆಗಳಲ್ಲಿ ಪಾಚಿ, ಬ್ಯಾಕ್ಟೀರಿಯಾ ತಿಂದು ಬೆಳೆಯುತ್ತವೆ.

ನನ್ನನ್ನು ಬೆರಗುಗೊಳಿಸಿದ್ದು ಚಳಿ ತಡೆಯುವ ಈ ಶಕ್ತಿಗಿಂತ ಹೆಚ್ಚಾಗಿ ಇನ್ನೊಂದು ಸಂಗತಿ. ನೀರು ಇಳಿಜಾರಿಗೆ ಹರಿಯುತ್ತದೆ, ಮರಿಹುಳುಗಳು ಅದರೊಂದಿಗೆ ಕೆಳಕ್ಕೆ ಜಾರುತ್ತವೆ. ಹೀಗೇ ಜಾರುತ್ತ ಹೋದರೆ ಕೆಲವೇ ತಲೆಮಾರುಗಳಲ್ಲಿ ಇಡೀ ವಂಶ ಹಿಮನದಿಯಿಂದ ಹೊರಗೆ ಬಿದ್ದುಹೋಗಬೇಕು. ಆದ್ದರಿಂದ ಬೆಳೆದ ಹೆಣ್ಣು ಕೀಟ ಮೊಟ್ಟೆಯಿಡುವ ಮೊದಲು ಹಿಮದ ಮೇಲೆ ಏರುದಿಕ್ಕಿನಲ್ಲಿ ನಡೆಯುತ್ತದೆ. ದಾರಿ ತಪ್ಪದಂತೆ ಸೂರ್ಯನನ್ನು ದಿಕ್ಸೂಚಿಯಾಗಿ ಇಟ್ಟುಕೊಂಡು ನೇರ ಗೆರೆಯಲ್ಲಿ ಹತ್ತುತ್ತದೆ. ಕೆಲವೇ ಮಿಲಿಮೀಟರ್ ಉದ್ದದ, ಹಾರಲಾಗದ ಒಂದು ಜೀವ, ತಾನು ಮರಿಹುಳುವಾಗಿದ್ದಾಗ ಎಷ್ಟು ಕೆಳಗೆ ಜಾರಿತ್ತೋ ಅಷ್ಟನ್ನು ನಡೆದೇ ಸರಿದೂಗಿಸುತ್ತದೆ.

ಅದೇ ಯಾಲಾ ಹಿಮನದಿಗೆ 2025ರ ಮೇ ತಿಂಗಳಿನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಬೌದ್ಧ ಭಿಕ್ಷುಗಳು, ಊರಿನವರು, ಭಾರತವೂ ಸೇರಿದಂತೆ ನೆರೆಯ ದೇಶಗಳ ಹಿಮವಿಜ್ಞಾನಿಗಳು ಮೇಲೆ ಹತ್ತಿ ಸ್ಮಾರಕ ಫಲಕ ಇಟ್ಟು ಬಂದರು. 1970ರ ದಶಕದಿಂದೀಚೆಗೆ ಅದು ಶೇಕಡಾ 66ರಷ್ಟು ಕುಗ್ಗಿದೆ, 784 ಮೀಟರ್ ಹಿಂದೆ ಸರಿದಿದೆ. ಸುದ್ದಿಯಲ್ಲಿ ಹಿಮದ ಅಂಕಿಗಳು ಬಂದವು, ಕೆಳಗಿನ ಹಳ್ಳಿಗಳ ನೀರಿನ ಚಿಂತೆ ಬಂತು. ಸೂರ್ಯನನ್ನು ನೋಡಿ ಬೆಟ್ಟ ಹತ್ತುವ ಆ ನೊರಜಿನ ಹೆಸರು ನಾನು ಓದಿದ ವರದಿಗಳಲ್ಲಿ ಕಾಣಲಿಲ್ಲ. ನನ್ನ ಇವತ್ತಿನ ಸಿಟ್ಟಿನ ಮೂಲ ಇದು.

ಈಗ ಹಿಮನದಿಯ ತುದಿಯಿಂದ ಹೊರಬಿದ್ದ ಹೊಳೆಗೆ ಬರೋಣ. ಬೆಂಗಳೂರಿನಿಂದ ಪ್ರತಿ ಬೇಸಿಗೆಯಲ್ಲಿ ಚಾರಣಕ್ಕೆಂದು ಹಿಮಾಚಲ, ಉತ್ತರಾಖಂಡ, ಲಡಾಖ್ ಕಡೆಗೆ ಹೋಗುವವರು ಸಾಕಷ್ಟು ಜನ. ಅವರಿಗೆ ಒಂದು ಮಾತು ಚೆನ್ನಾಗಿ ಗೊತ್ತು: ನಾಲಾ ದಾಟುವುದಿದ್ದರೆ ಬೆಳಗಿನ ಜಾವದಲ್ಲೇ ದಾಟಬೇಕು. ರಾತ್ರಿಯ ಚಳಿಗೆ ಕರಗುವುದು ನಿಂತು ಬೆಳಿಗ್ಗೆ ಮೊಣಕಾಲು ಮುಟ್ಟದ ನೀರು, ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ಸಂಜೆಯ ಹೊತ್ತಿಗೆ ಬಂಡೆಗಳನ್ನೇ ಉರುಳಿಸುತ್ತ ಬರುತ್ತದೆ. ಈ ದಿನನಿತ್ಯದ ಏರಿಳಿತ ಹಿಮನದಿಯ ಹೊಳೆಯ ಮೊದಲ ಗುಣ. ಎರಡನೆಯದು ಅದರ ಬಣ್ಣ. ಲಕ್ಷಾಂತರ ಟನ್ ಹಿಮ ತನ್ನ ಭಾರದಿಂದ ಬಂಡೆಯನ್ನು ಅರೆದು ಹಿಟ್ಟು ಮಾಡುತ್ತದೆ, ಆ ಹಿಟ್ಟು ತೇಲುವುದರಿಂದಲೇ ನೀರು ಬೆಳ್ಳಗೆ, ಬೂದು ಬೂದಾಗಿ ಕಾಣುತ್ತದೆ. ಬೆಳಕು ತಳ ಮುಟ್ಟುವುದಿಲ್ಲ, ಪಾಚಿ ಅಷ್ಟಾಗಿ ಬೆಳೆಯುವುದಿಲ್ಲ. ತಳದ ಕಲ್ಲುಗಳು ಒಂದೆಡೆ ನಿಲ್ಲುವುದೂ ಇಲ್ಲ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ತಂಪು. ತುದಿಯ ಬಳಿ ನಡುಬೇಸಿಗೆಯಲ್ಲೂ ನೀರಿನ ಉಷ್ಣತೆ 2 ಡಿಗ್ರಿ ದಾಟುವುದಿಲ್ಲ.

ಊಟವಿಲ್ಲದ, ಬೆಳಕಿಲ್ಲದ, ಕಾಲೂರಲು ನೆಲೆಯಿಲ್ಲದ ಇಂಥ ಕಡೆ ಡಯಮೀಸಾದ ಮರಿಹುಳುಗಳು ಕಲ್ಲಿಗೆ ಕಚ್ಚಿಕೊಂಡು ಬದುಕುತ್ತವೆ. ಬಹುತೇಕ ಅವು ಮಾತ್ರ. ಸ್ವಲ್ಪ ಕೆಳಗಿಳಿದು ನೀರು 4 ಡಿಗ್ರಿಯ ಹತ್ತಿರ ಬಂದರೆ ಬೇರೆ ನೊರಜುಗಳು, ಇನ್ನೂ ಕೆಳಗೆ ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಎಂಬ ಹೊಳೆಕೀಟಗಳು, ಮತ್ತೂ ಕೆಳಗೆ ಮೀನು. ಹೊಳೆಯ ಉದ್ದಕ್ಕೂ ಉಷ್ಣತೆಯೇ ಗಡಿ ಹಾಕಿದೆ. ಮೇಲಿನ ಜೀವಿಗಳು ಶೂರರೇನಲ್ಲ. ಕೆಳಗಿನ ಬೆಚ್ಚಗಿನ, ಸಮೃದ್ಧ ನೀರಿನಲ್ಲಿ ಪೈಪೋಟಿಗೆ ನಿಂತರೆ ಅವು ಸೋಲುತ್ತವೆ ಅಥವಾ ಯಾರದೋ ಊಟವಾಗುತ್ತವೆ. ಬೇರೆ ಯಾರಿಗೂ ಬೇಡವಾದ ಚಳಿಯೇ ಅವುಗಳ ಕೋಟೆ.

ಹಿಮ ಕುಗ್ಗಿದಾಗ ಆ ಕೋಟೆಯ ಗೋಡೆ ಬೀಳುತ್ತದೆ. ಮಜಾ ಏನೆಂದರೆ, ಹೊಳೆಯ ದಡದಲ್ಲಿ ನಿಂತವನಿಗೆ ಅದು ಸುಧಾರಣೆಯಂತೆ ಕಾಣುತ್ತದೆ. ಕಲ್ಲಿನ ಹಿಟ್ಟು ಕಡಿಮೆಯಾಗಿ ನೀರು ತಿಳಿಯಾಗುತ್ತದೆ. ಪ್ರವಾಹದ ಅಬ್ಬರ ತಗ್ಗಿ ತಳ ಸ್ಥಿರವಾಗುತ್ತದೆ. ಬೆಳಕು ಇಳಿಯುತ್ತದೆ, ಕಲ್ಲುಗಳಿಗೆ ಪಾಚಿ ಹಿಡಿಯುತ್ತದೆ, ಬೂದು ಹೊಳೆ ಹಸಿರಾಗುತ್ತದೆ. ಕೆಳಗಿನ ಕೀಟಗಳು ಒಂದೊಂದಾಗಿ ಮೇಲೆ ಬರುತ್ತವೆ. ಮೊದಲು ಎರಡೋ ಮೂರೋ ಜಾತಿಯಿದ್ದ ಕಡೆ ಈಗ ಹತ್ತಾರು ಸಿಗುತ್ತವೆ. ಯಾರಾದರೂ ಬಲೆ ಹಿಡಿದು ಎಣಿಸಿದರೆ "ಜೀವವೈವಿಧ್ಯ ಹೆಚ್ಚಾಗಿದೆ" ಎಂದು ವರದಿ ಬರೆಯಬಹುದು. ಸುಳ್ಳು ಬರೆದಂತೆಯೂ ಆಗುವುದಿಲ್ಲ.

ಹಾಗಾದರೆ ನಷ್ಟ ಎಲ್ಲಿ? ಮೇಲೆ ಬಂದವು ಬೇರೆ ಕಡೆಯೂ ಇರುವಂಥವು, ಹೋದವು ಬೇರೆಲ್ಲೂ ಇಲ್ಲದಂಥವು. 2012ರಲ್ಲಿ ವಿಜ್ಞಾನಿ ಡೀನ್ ಜೇಕಬ್ಸನ್ ಮತ್ತು ಸಂಗಡಿಗರು ಈಕ್ವೆಡಾರ್, ಆಲ್ಪ್ಸ್, ಅಲಾಸ್ಕಾಗಳ ಹೊಳೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹಿಮನದಿಗಳು ಪೂರ್ತಿ ಮಾಯವಾದರೆ ಆಯಾ ಪ್ರದೇಶದ ಹೊಳೆಜೀವಿಗಳ ಒಟ್ಟು ಪಟ್ಟಿಯಿಂದ ಶೇಕಡಾ 11ರಿಂದ 38ರಷ್ಟು ಜಾತಿಗಳು ಅಳಿಯಬಹುದು ಎಂದು ಅವರು ಅಂದಾಜಿಸಿದರು. ಜಲಾನಯನದ ಅರ್ಧಕ್ಕಿಂತ ಕಡಿಮೆ ಭಾಗದಲ್ಲಿ ಹಿಮ ಉಳಿದಾಗಲೇ ಜಾತಿಗಳು ಕಳಚಿಕೊಳ್ಳಲು ಶುರು. ಅಂದರೆ ಹಿಮನದಿ ಸತ್ತಿದೆ ಎಂದು ಫಲಕ ಹಾಕುವ ದಿನಕ್ಕೆ ಬಹಳ ಮೊದಲೇ ಅದರ ಒಕ್ಕಲು ಖಾಲಿಯಾಗತೊಡಗಿರುತ್ತದೆ.

ಈ ಮೋಸ ಬೆಂಗಳೂರಿನವರಿಗೆ ಸುಲಭವಾಗಿ ಅರ್ಥವಾಗಬೇಕು. ನಮ್ಮ ಕೆರೆಗಳು ಮಳೆನೀರು ಹಿಡಿಯಲು ಕಟ್ಟಿದವು. ಬೇಸಿಗೆಯಲ್ಲಿ ಎಷ್ಟೋ ಕೆರೆಗಳ ಅಂಗಳ ಒಣಗುತ್ತಿತ್ತು, ದನ ಮೇಯುತ್ತಿದ್ದವು, ಹೂಳು ಹೊಲಕ್ಕೆ ಹೋಗುತ್ತಿತ್ತು. ತುಂಬುವುದು, ಒಣಗುವುದು ಎರಡೂ ಕೆರೆಯ ಬಾಳಿನ ಭಾಗವಾಗಿದ್ದವು. ಆಮೇಲೆ ಬೆಳ್ಳಂದೂರು ಕೆರೆ ನಡುಬೇಸಿಗೆಯಲ್ಲೂ ತುಂಬಿ ನಿಲ್ಲತೊಡಗಿತು, ಮನೆಮನೆಯ ಕೊಳಚೆಯಿಂದ. ನೀರಿತ್ತು, ಹಸಿರಿಗೂ ಬರವಿರಲಿಲ್ಲ. 2018ರ ಜನವರಿಯಲ್ಲಿ ಆ ಹಸಿರಿಗೇ ಬೆಂಕಿ ಬಿದ್ದು ಸೈನಿಕರು ಬಂದು ಆರಿಸಬೇಕಾಯಿತು. ಹೊಳೆಯ ಪಾಚಿಯೂ ಕೆರೆಯ ಕಳೆಯೂ ಒಂದೇ ಎಂದು ನಾನು ಹೇಳುತ್ತಿಲ್ಲ, ಅಲ್ಲಿ ಕೊಳಚೆಯ ಪ್ರಶ್ನೆಯೇ ಇಲ್ಲ. ನೀರು ಎಷ್ಟಿದೆ, ಹಸಿರು ಎಷ್ಟಿದೆ ಎಂದಷ್ಟೇ ಅಳೆದು ತೃಪ್ತರಾಗುವ ನಮ್ಮ ಚಾಳಿ ಮಾತ್ರ ಎರಡೂ ಕಡೆ ಒಂದೇ.

"ಬೆಚ್ಚಗಾದರೆ ಆ ಹುಳುಗಳು ಇನ್ನೂ ಮೇಲಕ್ಕೆ ಹೋಗಲಿ" ಎನ್ನಬಹುದು. ಹೋಗುತ್ತವೆ, ಬೆಟ್ಟ ಇರುವಷ್ಟು ದೂರ. ಪಶ್ಚಿಮ ಘಟ್ಟದ ತುದಿಯ ಶೋಲಾ ಕಾಡುಗಳಲ್ಲಿ ಒಂದೊಂದು ಶಿಖರಕ್ಕೇ ಸೀಮಿತವಾದ ಕಪ್ಪೆಗಳಿವೆ. ಅವುಗಳ ಸಮಸ್ಯೆಯೂ ಇದೇ. ಕೆಳಗಿನಿಂದ ಬಿಸಿ ಹತ್ತುತ್ತ ಬಂದರೆ ಅವಕ್ಕೆ ಮೇಲೆ ಆಕಾಶ ಬಿಟ್ಟರೆ ಬೇರೆ ಜಾಗವಿಲ್ಲ. ಹಿಮನದಿಯ ಕೀಟಕ್ಕೆ ಬೆಟ್ಟ ಮುಗಿಯುವ ಮೊದಲೇ ಹೊಳೆ ಮುಗಿಯುತ್ತದೆ. ಪಕ್ಕದ ಕಣಿವೆಗೆ ಹಾರಿ ಹೋಗೋಣವೆಂದರೆ ಯಾಲಾದ ನೊರಜಿನಂಥವುಗಳಿಗೆ ರೆಕ್ಕೆಯೂ ಮೋಟು. ಅಮೆರಿಕದ ಮೊಂಟಾನಾ ಭಾಗದ ಎರಡು ಸ್ಟೋನ್‌ಫ್ಲೈ ಜಾತಿಗಳು, ಒಂದು ಲೆಡ್ನಿಯಾ ಟ್ಯುಮಾನಾ, ಇನ್ನೊಂದು ಜಪಾಡಾ ಗ್ಲೇಸಿಯರ್, ಹಿಮ ಕರಗಿ ತಣ್ಣನೆಯ ಹೊಳೆ ಇಲ್ಲವಾಗುತ್ತಿರುವ ಕಾರಣಕ್ಕೆ 2019ರಲ್ಲಿ ಆ ದೇಶದ ಅಪಾಯದಲ್ಲಿರುವ ಜೀವಿಗಳ ಕಾಯ್ದೆಯ ಪಟ್ಟಿ ಸೇರಿದವು. ಹಿಮ ಕರಗುವುದರಿಂದ ಅಪಾಯಕ್ಕೆ ಸಿಕ್ಕ ಜೀವಿ ಎಂದರೆ ನಮ್ಮ ಕಣ್ಣಮುಂದೆ ಹಿಮಕರಡಿ ಬರುತ್ತದೆ. ಎರಡು ಹುಳುಗಳಿಗೂ ಕಾನೂನಿನ ರಕ್ಷಣೆ ಸಿಕ್ಕಿತು ಎಂಬುದು ನನಗೆ ಸಣ್ಣ ವಿಷಯವಲ್ಲ.

ಕಣ್ಣಿಗೆ ಕಾಣದವುಗಳ ಕಥೆ ಇನ್ನೂ ದೊಡ್ಡದು. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಇಪಿಎಫ್ಎಲ್ ಸಂಸ್ಥೆಯ ಟಾಮ್ ಬ್ಯಾಟಿನ್ ಮುಂದಾಳತ್ವದ ತಂಡ ಹಲವು ವರ್ಷ ಜಗತ್ತಿನ ಬೆಟ್ಟಗಳನ್ನು ಹತ್ತಿಳಿದು, 11 ಪರ್ವತ ಶ್ರೇಣಿಗಳ 152 ಹಿಮನದಿ ಹೊಳೆಗಳಿಂದ ತಳದ ಮಣ್ಣು, ಕಲ್ಲಿನ ಮೇಲೆ ಸೂಕ್ಷ್ಮಜೀವಿಗಳು ಕಟ್ಟುವ ಲೋಳೆ ಸಂಗ್ರಹಿಸಿತು. ನೇಪಾಳದ ಹಿಮಾಲಯದಿಂದ ಉಗಾಂಡಾದ ರ್‍ವೆನ್‌ಜೋರಿ ಬೆಟ್ಟಗಳವರೆಗೆ. 2025ರಲ್ಲಿ ಫಲಿತಾಂಶ ಹೊರಬಂತು: ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ಸುಮಾರು ಅರ್ಧದಷ್ಟು ಒಂದೊಂದು ಪರ್ವತ ಶ್ರೇಣಿಗೆ ಮಾತ್ರ ಸೇರಿದವು. ಬ್ಯಾಕ್ಟೀರಿಯಾ ಎಂದರೆ ಗಾಳಿಯಲ್ಲಿ ಹಾರಿ ಎಲ್ಲೆಂದರಲ್ಲಿ ಇರುವಂಥದ್ದು ಎಂದುಕೊಂಡಿದ್ದವರಿಗೆ ಇದು ಅನಿರೀಕ್ಷಿತ. ಹೊಳೆಯ ಊಟದ ಸರಪಳಿ ಶುರುವಾಗುವುದು ಈ ಲೋಳೆಯಿಂದ. ಅದನ್ನು ಮರಿಹುಳು ಮೇಯುತ್ತದೆ, ಮರಿಹುಳುವನ್ನು ಇನ್ನೊಂದು ಕೀಟ, ಅದನ್ನು ಮೀನೋ ಹಕ್ಕಿಯೋ. ಹೊಳೆ ಹಸಿರಾಗುವುದೆಂದರೆ ಈ ಸರಪಳಿಯ ಮೊದಲ ಕೊಂಡಿಯನ್ನೇ ಬದಲಿಸಿದಂತೆ.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ಅಡ್ಡ ಬರುವ ಸಾಕ್ಷ್ಯವನ್ನೂ ಮುಚ್ಚಿಡಬಾರದು. ಮೊಂಟಾನಾದಲ್ಲೇ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, 19ನೇ ಶತಮಾನದ ನಡುವಿನಿಂದೀಚೆಗೆ ಹಿಮನದಿಗಳೇ ಕರಗಿಹೋದ ಕಣಿವೆಗಳಲ್ಲೂ ಈ ತಂಪುನೀರಿನ ಕೀಟಸಮುದಾಯಗಳು ಉಳಿದುಕೊಂಡಿರುವುದನ್ನು ತೋರಿಸಿತು. ಹೇಗೆ? ಬಂಡೆಗಳ ರಾಶಿಯಡಿ ಹೂತ ಹಿಮ, ಸದಾ ಉಳಿಯುವ ಮಂಜಿನ ತೇಪೆಗಳು, ತಣ್ಣನೆಯ ಒರತೆಗಳು ಅಲ್ಲಲ್ಲಿ ನೀರನ್ನು ತಂಪಾಗಿಟ್ಟಿವೆ. ಬಿಳಿ ಹಿಮ ಹೋದರೂ ಕಲ್ಲು ಹೊದ್ದುಕೊಂಡ ಹಿಮ ನಿಧಾನವಾಗಿ ಕರಗುತ್ತದೆ. ಲಾಭ ಪಡೆಯುವ ಜೀವಿಗಳೂ ಇವೆ: ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಬೆಟ್ಟಗಳಲ್ಲಿ ಹಿಮ ಹಿಂದೆ ಸರಿದಂತೆ ಸಾಲ್ಮನ್ ಮೀನುಗಳಿಗೆ ಸಾವಿರಾರು ಕಿಲೋಮೀಟರ್ ಹೊಸ ಹೊಳೆ ತೆರೆದುಕೊಳ್ಳಬಹುದು ಎಂಬ ಲೆಕ್ಕವಿದೆ. ಎಲ್ಲವೂ ನಾಳೆಯೇ ಮುಗಿಯಿತು ಎಂದು ಎದೆ ಬಡಿದುಕೊಳ್ಳುವ ವಿಡಿಯೋಗಳು ಬೇಕಾದಷ್ಟಿವೆ, ಇದು ಅಂಥದ್ದಲ್ಲ.

ನನಗೆ ಈ ಸಾಕ್ಷ್ಯ ಸಮಾಧಾನಕ್ಕಿಂತ ಕೆಲಸವನ್ನು ಕೊಡುತ್ತದೆ. ತಂಪು ಕೆಲವು ಮೂಲೆಗಳಲ್ಲಿ ಉಳಿಯುತ್ತದೆ ಎಂದಾದರೆ ಆ ಮೂಲೆಗಳು ಎಲ್ಲಿವೆ? ಅವುಗಳಿಗೆ ಯಾರು ಕಾವಲು? ಆಲ್ಪ್ಸ್ ಕುರಿತ 2023ರ ಅಧ್ಯಯನ ಇದೇ ಪ್ರಶ್ನೆ ಕೇಳಿ, ಅಲ್ಲಿನ ಕೀಟಗಳಿಗೆ ಮುಂದೆ ಆಸರೆಯಾಗಬಹುದಾದ ಹೊಳೆಗಳಿಗೆ ಸರಿಯಾದ ರಕ್ಷಣೆಯಿಲ್ಲ ಎಂದಿತು. ಜಲವಿದ್ಯುತ್ತಿನವರಿಗೂ ಸ್ಕೀ ಮೈದಾನದವರಿಗೂ ಅದೇ ಎತ್ತರದ ನೀರು ಬೇಕು.

ನಮ್ಮಲ್ಲಿ ಸ್ಕೀ ಕಡಿಮೆ, ಜಲವಿದ್ಯುತ್ತಿಗೆ ಕೊರತೆಯಿಲ್ಲ. ಬೆಟ್ಟದ ಹೊಳೆಯನ್ನು ಸುರಂಗಕ್ಕೆ ತಿರುಗಿಸಿ ಕಿಲೋಮೀಟರುಗಟ್ಟಲೆ ಆಚೆ ಹೊರಬಿಡುವ ಯೋಜನೆಗಳು ಹಿಮಾಲಯದ ಉದ್ದಕ್ಕೂ ಇವೆ. ನಡುವಿನ ಪಾತ್ರ ಬರಿದಾಗಬಾರದೆಂದು ಕೇಂದ್ರ ಸರ್ಕಾರ 2018ರ ಅಕ್ಟೋಬರಿನಲ್ಲಿ ಗಂಗೆಯ ಮೇಲ್ಭಾಗಕ್ಕೆ ಒಂದು ನಿಯಮ ತಂದಿತು. ಹಿಮನದಿಯಿಂದ ಹರಿದ್ವಾರದವರೆಗೆ ಚಳಿಗಾಲದಲ್ಲಿ ಆಯಾ ತಿಂಗಳ ಸರಾಸರಿ ಹರಿವಿನ ಶೇಕಡಾ 20, ಮಳೆಗಾಲದಲ್ಲಿ 30, ನಡುವಿನ ತಿಂಗಳುಗಳಲ್ಲಿ 25ರಷ್ಟನ್ನು ನದಿಗೇ ಬಿಡಬೇಕು. ಒಳ್ಳೆಯ ಹೆಜ್ಜೆ, ಇದನ್ನು ಕೀಳಾಗಿ ಕಾಣುವ ಉದ್ದೇಶ ನನಗಿಲ್ಲ. ಆದರೆ ಈ ಶೇಕಡಾವಾರು ಪೂರ್ತಿಯಾಗಿ ನೀರಿನ ಪ್ರಮಾಣದ್ದು. ಎಲ್ಲೋ ಕಟ್ಟೆಯ ಹಿಂದೆ ಬಿಸಿಲು ಕಾಯುತ್ತ ನಿಂತು ಬೆಚ್ಚಗಾದ, ಹೂಳನ್ನು ತಳಕ್ಕೆ ಇಳಿಸಿದ, ಬೆಳಗು ಸಂಜೆಯ ಏರಿಳಿತ ಕಳೆದುಕೊಂಡ ನೀರನ್ನು ಶೇಕಡಾ 20ರಂತೆ ಬಿಟ್ಟರೂ ಲೆಕ್ಕ ಸರಿಹೋಗುತ್ತದೆ. ಹಿಮನದಿಯ ಹೊಳೆಗೆ ಆ ಮೂರು ಗುಣಗಳೇ ಜೀವ ಎಂದು ಆಗಲೇ ಹೇಳಿದೆನಲ್ಲ.

ಬೆಂಗಳೂರಿಗೆ ಇದರಲ್ಲಿ ನೇರವಾದ ಪಾಲಿದೆ. ಹಿಮವನ್ನೇ ಕಾಣದ ಈ ಊರು ಹಿಮಾಲಯವನ್ನು ಅಳೆಯುವ ಊರು ಕೂಡ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದಲ್ಲಿ ಹಿಮನದಿಗಳ ಅಧ್ಯಯನ ವರ್ಷಗಳಿಂದ ನಡೆದಿದೆ. ಇಲ್ಲೇ ಕೇಂದ್ರ ಕಚೇರಿಯಿರುವ ಇಸ್ರೋ 2024ರ ಏಪ್ರಿಲಿನಲ್ಲಿ ಉಪಗ್ರಹ ಚಿತ್ರಗಳ ಲೆಕ್ಕ ಹೊರಗಿಟ್ಟಿತು. ಹಿಮಾಲಯದ ನದಿಗಳ ಜಲಾನಯನಗಳಲ್ಲಿ 10 ಹೆಕ್ಟೇರಿಗಿಂತ ದೊಡ್ಡ 2,431 ಹಿಮಸರೋವರಗಳು, ಅವುಗಳಲ್ಲಿ 1984ರಿಂದೀಚೆಗೆ ಗಮನಾರ್ಹವಾಗಿ ಹಿಗ್ಗಿದವು 676, ಆ 676ರಲ್ಲಿ 130 ಭಾರತದೊಳಗೆ. ಹಿಮಾಚಲದ ಘೇಪಾಂಗ್ ಘಾಟ್ ಸರೋವರವಂತೂ 1989ರಿಂದ 2022ರೊಳಗೆ ಸುಮಾರು 36 ಹೆಕ್ಟೇರಿನಿಂದ 101 ಹೆಕ್ಟೇರಿಗೆ ಬೆಳೆಯಿತು. ಇಂಥ ಸರೋವರ ಒಡೆದರೆ ಏನಾಗುತ್ತದೆ ಎಂಬುದನ್ನು 2023ರ ಅಕ್ಟೋಬರಿನಲ್ಲಿ ಸಿಕ್ಕಿಂ ನೋಡಿತು. ದಕ್ಷಿಣ ಲೊನಾಕ್ ಸರೋವರದ ನೀರು ನುಗ್ಗಿ ಚುಂಗ್‌ಥಾಂಗ್‌ನ ತೀಸ್ತಾ ಅಣೆಕಟ್ಟೆಯನ್ನೇ ಕೊಚ್ಚಿಕೊಂಡು ಹೋಯಿತು. ಜನ ಸತ್ತರು. ಹಾಗಾಗಿ ಸರೋವರಗಳನ್ನು ಎಣಿಸುವ ಕೆಲಸದ ಬೆಲೆಯ ಬಗ್ಗೆ ಯಾರೂ ವಾದ ಮಾಡಬೇಕಾಗಿಲ್ಲ.

ಆದರೆ ಉಪಗ್ರಹಕ್ಕೆ ಕಲ್ಲಿನ ಅಡಿ ಕಾಣುವುದಿಲ್ಲ. ಅದಕ್ಕೆ ಯಾರಾದರೂ ಮೇಲೆ ಹತ್ತಿ, ಆ ನೀರಿನಲ್ಲಿ ಕೈಯಿಟ್ಟು, ಕಲ್ಲು ಮಗುಚಿ ನೋಡಬೇಕು. ನಮ್ಮಲ್ಲಿ ಹಿಮದ ಮಾಪನಕ್ಕೆ ಸಿಕ್ಕ ಹಣ, ಗೌರವಗಳ ಒಂದು ಪಾಲಾದರೂ ಈ ಕೆಲಸಕ್ಕೆ ಸಿಗಬೇಕು ಎಂಬುದು ನನ್ನ ಬೇಡಿಕೆ. ಹಿಮಾಚಲದ ಚಂದ್ರಾ ಕಣಿವೆಯಲ್ಲಿ ಛೋಟಾ ಶಿಗ್ರಿ ಹಿಮನದಿಯನ್ನು 2002ರಿಂದ ವರ್ಷವರ್ಷವೂ ಅಳೆಯುತ್ತ ಬಂದಿದ್ದಾರೆ, ನಮ್ಮ ದೇಶದ ಹೆಮ್ಮೆಯ ದಾಖಲೆ ಅದು. ಅಂಥ ಕಡೆ ಹಿಮದ ದಪ್ಪದ ಜೊತೆಗೆ ಕೆಳಗಿನ ತೊರೆಯ ಉಷ್ಣತೆ ಮತ್ತು ಕೀಟಗಳ ಪಟ್ಟಿಯೂ ವರ್ಷವರ್ಷ ದಾಖಲಾಗಲಿ.

"ಹುಳುವಿಗಾಗಿ ವಿದ್ಯುತ್ ಬಿಡಬೇಕೇ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಬಿಡಬೇಕಾದ್ದು ಬಹಳ ಕಡಿಮೆ. ಬಂಡೆರಾಶಿಯಡಿಯ ಹಿಮದಿಂದ ಒಸರುವ ತೊರೆಗಳು ಗಾತ್ರದಲ್ಲಿ ಸಣ್ಣವು, ಅವುಗಳಿಂದ ಹುಟ್ಟುವ ವಿದ್ಯುತ್ತೂ ಸಣ್ಣದು. ಕಣಿವೆಯೊಂದರಲ್ಲಿ ಯಾವ ನಾಲ್ಕು ತೊರೆಗಳು ಇನ್ನೂ ಬಹುಕಾಲ ತಣ್ಣಗಿರುತ್ತವೆ ಎಂದು ಮೊದಲು ಪಟ್ಟಿ ಮಾಡಿ, ಯೋಜನೆಯ ನಕ್ಷೆ ಬರೆಯುವಾಗ ಅವುಗಳನ್ನು ಮುಟ್ಟದೆ ಬಿಟ್ಟರೆ ಸಾಕು. ಅಣೆಕಟ್ಟೆ ಕಟ್ಟಿ ಮುಗಿಸಿದ ಮೇಲೆ ಪಟ್ಟಿ ಮಾಡಿ ಪ್ರಯೋಜನವಿಲ್ಲ. ಅದಕ್ಕೆ ಬೇಕಾದ ಸಾಮಗ್ರಿಯೂ ದುಬಾರಿಯಲ್ಲ: ನೀರಿನಲ್ಲಿ ವರ್ಷವಿಡೀ ಬಿಟ್ಟುಬರಬಹುದಾದ ಉಷ್ಣತಾ ಮಾಪಕಗಳು, ಕೈಬಲೆ, ಸೂಕ್ಷ್ಮದರ್ಶಕ, ಮತ್ತು ಕೀಟಗಳನ್ನು ಗುರುತಿಸಬಲ್ಲ ಕೆಲವು ಯುವ ಸಂಶೋಧಕರು. ಈ ಪಟ್ಟಿ ಜಲಶಕ್ತಿ ಸಚಿವಾಲಯದ ಹೊಣೆಯೋ ಪರಿಸರ ಸಚಿವಾಲಯದ ಹೊಣೆಯೋ ಎಂಬ ಜಗಳ ದೊಡ್ಡದು, ಅದನ್ನು ಮುಂದಿನ ಸಂಚಿಕೆಯಲ್ಲಿ ಬಿಡಿಸಿ ನೋಡೋಣ.